ಮಲಗಿದ ಹತ್ತಿಯನ್ನು ಎಬ್ಬಿಸುವವನು

ಬಿಸಿಲಿಗೆ ಹೆಸರಾದ ನಾಡಿನಲ್ಲಿ ಚಳಿಯ ಕಥೆಯನ್ನು ಹೇಳಹೊರಡುವವನು ಮೊದಲು ಕೇಳುವವರ ನಗೆಯನ್ನು ಸಹಿಸಿಕೊಳ್ಳಬೇಕಾಗುತ್ತದೆ. ಸೊಲ್ಲಾಪುರವೆಂದೊಡನೆ ಪರಸ್ಥಳದವರ ಮನಸ್ಸಿಗೆ ಬರುವುದು ವೈಶಾಖದ ಉರಿ, ಬಾಯ್ಬಿಟ್ಟ ಎರೆಭೂಮಿ, 40 ಡಿಗ್ರಿಯನ್ನು ದಾಟಿದ ನಡುಹಗಲು. ಆದರೆ ಭೀಮೆಯೂ ಸೀನೆಯೂ ಹರಿಯುವ ಈ ಬಯಲು ಸಮುದ್ರದಿಂದ ದೂರವಾದುದು. ಮಾಗಿಯಲ್ಲಿ ಇಲ್ಲಿಯ ಗಾಳಿ ಒಣಗಿರುತ್ತದೆ, ಆಕಾಶ ನಿರ್ಮಲವಾಗಿರುತ್ತದೆ. ಹಗಲೆಲ್ಲ ನೆಲವು ಕೂಡಿಟ್ಟ ಶಾಖವು ಇರುಳಾದೊಡನೆ ತಡೆಯಿಲ್ಲದೆ ಮುಗಿಲಿಗೆ ಹರಿದುಹೋಗುತ್ತದೆ. ಅದರಿಂದಲೇ ಮಧ್ಯಾಹ್ನ ಅಂಗಿ ಭಾರವೆನಿಸಿದ ದಿನದಂದೇ ಬೆಳಗಿನ ಜಾವದಲ್ಲಿ ಹಲ್ಲು ಕಟಕಟಿಸುವುದುಂಟು. ಮಕರಸಂಕ್ರಾಂತಿಯ ವೇಳೆಗೆ ಸಿದ್ಧರಾಮೇಶ್ವರನ ಗಡ್ಡಾ ಯಾತ್ರೆಗೆಂದು ಸುತ್ತಣ ಹಳ್ಳಿಗಳಿಂದ ಬಂದು, ನಂದೀಧ್ವಜಗಳ ಮೆರವಣಿಗೆಯನ್ನು ಕಂಡು, ಹನ್ನೆರಡನೆಯ ಶತಮಾನದಲ್ಲಿ ಆ ಶಿವಯೋಗಿಯು ತನ್ನ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕಟ್ಟಿಸಿದ ಕೆರೆಯ ದಂಡೆಯ ಗಾಳಿಗೆ ಮೈಯೊಡ್ಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇಂತಹ ಚಳಿ ಎರಡು ಮೂರು ತಿಂಗಳ ಅತಿಥಿ. ಅದಕ್ಕಾಗಿ ಮನೆಯೊಳಗೆ ಸದಾ ಬೆಂಕಿಯನ್ನು ಸಾಕಿಕೊಂಡಿರುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆ, ಬಚ್ಚಲ ಹಂಡೆಯ ಉರಿ, ಅಂಗಳದಲ್ಲಿ ಕಸಕಡ್ಡಿ ಕೂಡಿಸಿ ಹಚ್ಚಿಕೊಂಡ ಬೆಂಕಿ, ಇಷ್ಟರಲ್ಲಿಯೇ ನಮ್ಮ ಅಗ್ನಿಸೇವೆ ಮುಗಿಯುತ್ತಿತ್ತು. ಉಳಿದ ಕಾರ್ಯವೆಲ್ಲ ಇದ್ದ ಶಾಖವನ್ನು ಕಳೆದುಕೊಳ್ಳದಿರುವ ಉಪಾಯಗಳದು. ದಪ್ಪ ಮಣ್ಣಿನ ಗೋಡೆ, ತೊಲೆಜಂತೆಗಳ ಮೇಲೆ ಹಲಗೆ ಹಾಸಿ ಅದರ ಮೇಲೆ ಹಾಳುಮಣ್ಣನ್ನು ಹೊರೆಹೊರೆಯಾಗಿ ಬಡಿದು ಕೂಡಿಸಿದ ಮಾಳಿಗೆ, ಒಂದೆರಡು ಬೆಳಕಿಂಡಿ. ಹಗಲಿನ ಬಿಸಿಲನ್ನು ಮೆಲ್ಲನೆ ನುಂಗಿ ರಾತ್ರಿಯಲ್ಲಿ ಮೆಲ್ಲನೆ ಹೊರಬಿಡುವ ಆ ಮನೆಯೇ ಮೊದಲನೆಯ ಹೊದಿಕೆ. ಎರಡನೆಯದು ಕಂಬಳಿ: ದಖನಿ ಕುರಿಯ ಒರಟಾದ ಕರಿಯ ಉಣ್ಣೆಯನ್ನು ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಸರಿಯನ್ನು ಬಳಿದು ಬಿರುಸುಗೊಳಿಸಿದ ಈ ವಸ್ತ್ರವು, ಮಂಗಳವೇಢೆಯ ಕಡೆಯ ಹುಲಜಂತಿಯ ಮಹಾಲಿಂಗರಾಯನ ಜಾತ್ರೆಗೆ ಪಲ್ಲಕ್ಕಿ ಹೊತ್ತು ನಡೆಯುವ ಕುರುಬರಿಗೆ ಚಳಿಯಲ್ಲಿ ಹೊದಿಕೆ, ಮಳೆಯಲ್ಲಿ ಕೊಡೆ, ದೇವರ ಮುಂದೆ ಗದ್ದುಗೆ. ಮೂರನೆಯದು ಕೌದಿ: ಹರಿದ ಸೀರೆಗಳನ್ನೂ ಧೋತರಗಳನ್ನೂ ಪದರು ಪದರಾಗಿ ಇಟ್ಟು, ಸಾಲು ಹೊಲಿಗೆಯಿಂದ ಒಂದಾಗಿಸಿ, ಮನೆಯ ಹೆಂಗಸರು ಹಳತರಿಂದ ಹೊಸತನ್ನು ಮಾಡಿಕೊಂಡ ಬಗೆ. ನಾಲ್ಕನೆಯದು ಹತ್ತಿ ತುಂಬಿದ ಗಾದಿ, ಲೇಪುಗಳು. ಈ ನಾಲ್ಕನೆಯದರ ಆರೈಕೆಗೆಂದೇ ಒಬ್ಬ ಕಸಬುದಾರನಿದ್ದನು. ಅವನನ್ನು ನಮ್ಮವರು ಪಿಂಜಾರನೆಂದೂ ನದಾಫನೆಂದೂ ಕರೆದರು. ನಾನು ಬರೆಯಹೊರಟುದು ಅವನ ವಿಷಯ.

ಗಾದಿಯು ಬೆಚ್ಚಗಾಗುವುದಿಲ್ಲವೆಂಬ ದೂರು ದೀಪಾವಳಿ ಕಳೆದ ಮೇಲೆ ಪ್ರತಿಯೊಂದು ಮನೆಯಲ್ಲಿಯೂ ಹುಟ್ಟುತ್ತಿದ್ದಿತು. ಮನೆಯ ಹಿರಿಯಳು ಆ ದೂರನ್ನು ವೈದ್ಯಳಂತೆ ಕ್ರಮವಾಗಿ ಪರೀಕ್ಷಿಸುತ್ತಿದ್ದಳು. ಮೊದಲು ಮೂಸಿ ನೋಡುವಳು. ಮುಗ್ಗಲು ವಾಸನೆ ಬಂದರೆ ಅದು ಮಳೆಗಾಲದ ತೇವದ ದೋಷ, ನಾಲ್ಕು ದಿನ ಮಾಳಿಗೆಯ ಬಿಸಿಲಿಗೆ ಹಾಕಿದರೆ ತೀರಿತು. ಹತ್ತಿಯು ಸಾಧಾರಣ ಹವೆಯಲ್ಲಿಯೇ ತನ್ನ ತೂಕದ ನೂರಕ್ಕೆ ಏಳೆಂಟು ಪಾಲು ನೀರನ್ನು ಹೀರಿಕೊಂಡಿರುವುದೆಂಬ ಲೆಕ್ಕವನ್ನು ಅವಳು ಓದಿದವಳಲ್ಲ. ಆದರೂ ತೇವವಾದ ಹತ್ತಿ ಮೈಯ ಶಾಖವನ್ನು ಕದಿಯುವುದೆಂಬುದು ಅವಳಿಗೆ ಗೊತ್ತಿತ್ತು. ಬಳಿಕ ಅಂಗೈಯಿಂದ ಒತ್ತಿ ಬಿಡುವಳು. ಒತ್ತಿದ ಕುಳಿ ಮೇಲಕ್ಕೆದ್ದು ಬಂದರೆ ಹತ್ತಿ ನೆಟ್ಟಗಿದೆ, ಕುಳಿಯು ಕುಳಿಯಾಗಿಯೇ ಉಳಿದರೆ ಕೆಟ್ಟಿದೆ. ಆಮೇಲೆ ಹೊಲಿಗೆಯನ್ನು ನೋಡುವಳು. ದಾರ ಹರಿದು ಹತ್ತಿಯೆಲ್ಲ ಕಾಲ ಕಡೆಗೆ ಜಾರಿದ್ದರೆ ಎದೆಯ ಮೇಲೆ ಉಳಿಯುವುದು ಬರಿಯ ಖೋಳು. ಕೊನೆಗೆ ಲೇಪನ್ನು ಬೆಳಕಿಗೆ ಎತ್ತಿ ಹಿಡಿದು, ಎಲ್ಲಿ ಗಡ್ಡೆಕಟ್ಟಿದೆ, ಎಲ್ಲಿ ತೆಳುವಾಗಿದೆ ಎಂಬುದನ್ನು ಗುರುತಿಸುವಳು. ಬಿಸಿಲಿನಿಂದಲೂ ಸೂಜಿಯಿಂದಲೂ ತೀರದ ದೋಷವೆಂದು ನಿಶ್ಚಯವಾದ ಮೇಲೆಯೇ ಪಿಂಜಾರನಿಗೆ ಕರೆ ಹೋಗುತ್ತಿದ್ದುದು.

ಹೆಗಲ ಮೇಲೆ ಮನುಷ್ಯನೆತ್ತರದ ಬಿಲ್ಲನ್ನು ಹೊತ್ತು, ಅದರ ನಾರಿಯನ್ನು ಆಗಾಗ ಮೀಟಿ ತನ್ನ ಬರವನ್ನು ಓಣಿಗೆ ಸಾರುತ್ತ ಅವನು ಬರುತ್ತಿದ್ದನು. “ಹ್ವಾದ ವರ್ಷನೇ ಹತ್ತಿ ಹಾಕ್ಸೀನಿ ಸಾಬಣ್ಣಾ, ಈ ಸಲ ಯಾಕ ಬೆಚ್ಚಗ ಆಗವಲ್ದು?” ಎಂದು ಮನೆಯವಳು ಕೇಳಿದರೆ, ಗಾದಿಯ ಒಂದು ಮೂಲೆಯನ್ನು ಬಿಚ್ಚಿ ಹತ್ತಿಯನ್ನು ಬೆರಳಲ್ಲಿ ಹಿಸುಕಿ ನೋಡಿ ಅವನು, “ಹತ್ತಿ ಸತ್ತಿಲ್ರಿ ಅವ್ವಾರ, ಮಕ್ಕೊಂಡದ. ಎಬ್ಬಿಸಿದ್ರ ಆತು” ಎನ್ನುವನು. ಈ ಉತ್ತರವು ವ್ಯಾಪಾರದ ಜಾಣ್ಮೆಯಷ್ಟೇ ಅಲ್ಲ, ಅದರಲ್ಲಿ ಅವನ ವಿದ್ಯೆಯ ಸಾರವೇ ಅಡಗಿರುವುದು.

ಎಬ್ಬಿಸುವ ಕ್ರಮ ಹೀಗೆ. ಪಡಸಾಲೆಯಲ್ಲಿ ಒಂದು ಚಾಪೆ ಹಾಸಿ, ಖೋಳಿನಿಂದ ತೆಗೆದ ಹತ್ತಿಯನ್ನು ರಾಶಿ ಹಾಕಿ, ಬಿಲ್ಲಿನ ನಾರಿಯು ರಾಶಿಯ ಅಂಚನ್ನು ಮುಟ್ಟುವಂತೆ ಹಿಡಿದು, ಎರಡೂ ತುದಿ ದಪ್ಪಗಿರುವ ಮರದ ಬಡಿಗೆಯಿಂದ ಅವನು ನಾರಿಯನ್ನು ಬಡಿಯುತ್ತಿದ್ದನು. ಪ್ರಾಣಿಯ ನರವನ್ನು ಹೊಸೆದು ಮಾಡಿದ ಆ ನಾರಿಯ ಕಂಪನವು ಗಡ್ಡೆಯೊಳಕ್ಕೆ ಹೊಕ್ಕು, ಎಳೆಯಿಂದ ಎಳೆಯನ್ನು ಬಿಡಿಸಿ, ಧೂಳನ್ನು ಕೆಳಕ್ಕೆ ಉದುರಿಸಿ, ಅರಳೆಯನ್ನು ಮೇಲಕ್ಕೆ ಚಿಮ್ಮಿಸುವುದು. ಪೆಟ್ಟು ಹತ್ತಿಗೆ ಬೀಳುವುದಿಲ್ಲ, ನಾರಿಗೆ ಬೀಳುತ್ತದೆ; ಹತ್ತಿಯನ್ನು ಮುಟ್ಟುವುದು ನಡುಕ ಮಾತ್ರ. ರಾಶಿ ಬಿಡಿಸುತ್ತ ಬಂದಂತೆ ಸ್ವರವೂ ಬದಲಾಗುವುದು. ಗಡ್ಡೆಯಿದ್ದಲ್ಲಿ ಮಂದವಾಗಿ ‘ಡಬ್’ ಎಂದುದು ಬಿಡಿಸಿದ ಹತ್ತಿಯಲ್ಲಿ ‘ಟ್ಯಂವ್’ ಎಂದು ತೆರೆಯುವುದು. ಪಳಗಿದ ಪಿಂಜಾರನಿಗೆ ಕಣ್ಣಿಗಿಂತ ಕಿವಿಯೇ ಮೊದಲು ಸುದ್ದಿ ಕೊಡುವುದು. ಸಂಜೆಗೆ ಅದೇ ಹತ್ತಿ, ಧೂಳು ಕಳೆದು ತೂಕದಲ್ಲಿ ತುಸು ಕಡಮೆಯಾಗಿ, ಗಾತ್ರದಲ್ಲಿ ಹಲವು ಮಡಿ ಹೆಚ್ಚಿ, ಖೋಳಿಗೆ ಹಿಡಿಸದಾಗುತ್ತಿತ್ತು.

ತೂಕ ಇಳಿದು ಬಿಸುಪು ಏರಿದುದು ಹೇಗೆ? ಈ ಪ್ರಶ್ನೆಯನ್ನು ಯುರೋಪಿನಲ್ಲಿ ವ್ಯವಸ್ಥಿತವಾಗಿ ಪರೀಕ್ಷಿಸಿದವನು ರಮ್‌ಫರ್ಡ್ ಎಂಬ ಬಿರುದಿನಿಂದ ಪ್ರಸಿದ್ಧನಾದ ಬೆಂಜಮಿನ್ ಥಾಮ್ಸನ್. ಉಣ್ಣೆ, ರೇಷ್ಮೆ, ಹತ್ತಿ, ತುಪ್ಪಳಗಳನ್ನು ಒಂದೊಂದಾಗಿ ಉಷ್ಣಮಾಪಕದ ಸುತ್ತ ತುಂಬಿ, ಅದು ತಣಿಯಲು ಹಿಡಿಯುವ ಕಾಲವನ್ನು ಅಳೆದು ನೋಡಿದ ಅವನು, ಶಾಖವನ್ನು ತಡೆಯುವುದು ಎಳೆಗಳಿಗಿಂತ ಹೆಚ್ಚಾಗಿ ಅವುಗಳ ನಡುವೆ ಸೆರೆಯಾಗಿ ಅಲುಗಾಡದೆ ನಿಂತ ಗಾಳಿಯೆಂಬ ನಿರ್ಣಯಕ್ಕೆ ಬಂದನು. ಶಾಖವನ್ನು ಕುರಿತ ಅವನ ಶೋಧನೆಗಳಿಗಾಗಿ 1792ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕವು ಅವನಿಗೆ ಸಂದಿತು. ಹೀಗಿರುವಲ್ಲಿ ನಮ್ಮ ಪಿಂಜಾರನು ಹತ್ತಿಗೆ ಸೇರಿಸುತ್ತಿದ್ದುದು ಗಾಳಿಯೊಂದನ್ನೇ. ವರ್ಷವೆಲ್ಲ ಮೈಭಾರಕ್ಕೆ ಸಿಕ್ಕಿ ಹಿಂಡಿಹೋಗಿದ್ದ ಬಯಲನ್ನು ಅವನು ಎಳೆಗಳ ನಡುವೆ ಮರಳಿ ತಂದಿಡುತ್ತಿದ್ದನು. ಕೂಲಿಯನ್ನು ಪಡೆಯುತ್ತಿದ್ದುದು ಆ ಬಯಲಿಗಾಗಿ.

ಈ ಕಸಬಿನ ಹೆಸರುಗಳಲ್ಲಿಯೇ ಅದರ ಚರಿತ್ರೆಯ ಎರಡು ಹೊಳೆಗಳು ಕೂಡಿಕೊಂಡಿವೆ. ಹತ್ತಿಯನ್ನು ಬಿಡಿಸುವ ಬಿಲ್ಲಿಗೆ ಸಂಸ್ಕೃತದಲ್ಲಿ ಪಿಂಜನವೆಂಬ ಶಬ್ದವುಂಟು. ನಮ್ಮ ‘ಹಿಂಜು’ ಎಂಬ ಕ್ರಿಯಾಪದವು ಅದರ ನೆರೆಯಲ್ಲಿಯೇ ಇದೆ. ನದಾಫ ಎಂಬುದಾದರೋ ಹತ್ತಿ ಹಿಂಜುವವನನ್ನು ಹೇಳುವ ಅರಬ್ಬೀ ಶಬ್ದ. ಅದೇ ಭಾಷೆಯಲ್ಲಿ ಹಲ್ಲಾಜ ಎಂದರೂ ಹತ್ತಿಯ ಕಸಬಿನವನೇ. 922ರಲ್ಲಿ ಬಾಗ್ದಾದಿನಲ್ಲಿ ಪ್ರಾಣದಂಡಕ್ಕೆ ಗುರಿಯಾದ ಸೂಫಿ ಮನ್ಸೂರ್ ಹಲ್ಲಾಜನು, ಒಬ್ಬ ಕಸಬುದಾರನ ಅಂಗಡಿಯ ಹತ್ತಿಯನ್ನೆಲ್ಲ ಒಂದು ಸನ್ನೆಯಿಂದಲೇ ಬೀಜ ಬೇರೆ ಅರಳೆ ಬೇರೆ ಮಾಡಿದನೆಂಬ ಐತಿಹ್ಯವನ್ನು ಪಾರಸಿಕ ಕವಿ ಅತ್ತಾರನು ದಾಖಲಿಸಿದ್ದಾನೆ. ಅವನನ್ನು ತಮ್ಮ ಕುಲದ ಹಿರಿಯನೆಂದು ನೆನೆಯುವ ಹತ್ತಿಕಸಬಿನ ಸಮುದಾಯಗಳು ಭಾರತದಲ್ಲಿವೆ. ಇತ್ತ ಕನ್ನಡ ನಾಡಿನ ಶರಣರ ಬಳಗದಲ್ಲಿ ರಾಟೆಯಿಂದಲೇ ಜೀವಿಸಿದ ಕದಿರೆ ರೆಮ್ಮವ್ವೆಯೂ, ಮಗ್ಗದ ಜೇಡರ ದಾಸಿಮಯ್ಯನೂ ಇದ್ದರು. ಮತ ಬೇರೆ, ಭಾಷೆ ಬೇರೆಯೆಂದು ನಾವಿಂದು ಎಣಿಸುವ ಈ ಜನರೆಲ್ಲ ಅರಳೆಯ ವಿಷಯದಲ್ಲಿ ಒಬ್ಬರಿಗೊಬ್ಬರು ಬೇಕಾದವರಾಗಿದ್ದರು. ಉತ್ತರ ಕರ್ನಾಟಕದಲ್ಲಿಯೂ ಗಡಿಯಾಚೆಯ ಸೊಲ್ಲಾಪುರದ ಕಡೆಯ ತಾಲೂಕುಗಳಲ್ಲಿಯೂ ಅನೇಕ ಪಿಂಜಾರರ ಮನೆಮಾತು ಕನ್ನಡವಾಗಿರುವುದು ಆ ಹಳೆಯ ಹೊಂದಿಕೆಯ ಗುರುತು.

ಏಕೆಂದರೆ ಪಿಂಜಾರನ ಮುಖ್ಯ ಕೆಲಸ ಮೊದಲು ಗಾದಿಯದಾಗಿರಲಿಲ್ಲ. ಅವನು ಹಿಂಜಿ ಕೊಟ್ಟ ಅರಳೆಯಿಂದ ಹಂಜಿ, ಹಂಜಿಯಿಂದ ಮನೆಮನೆಯ ರಾಟೆಯಲ್ಲಿ ನೂಲು, ನೂಲಿನಿಂದ ನೇಕಾರನ ಮಗ್ಗದಲ್ಲಿ ಬಟ್ಟೆ. ಈ ಸರಪಳಿಯ ಎರಡನೆಯ ಕೊಂಡಿ ಅವನು. ಸರಪಳಿಯು ಕಡಿದುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂದಿತು. ಮರುವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು, ಅಲ್ಲಿಯ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ದುರ್ಲಭವಾಗಲು, ದಖನಿನ ಎರೆಭೂಮಿಯ ಹತ್ತಿಯು ಮುಂಬಯಿಯ ಹಾದಿ ಹಿಡಿಯಿತು. 1871ರಲ್ಲಿ ಆ ಹಳಿಯು ರಾಯಚೂರಿನವರೆಗೆ ಸಾಗಿತು. 1876ರಿಂದ ಎರಡು ವರ್ಷಗಳ ಘೋರ ಕ್ಷಾಮ. ಆ ಕ್ಷಾಮದ ನಡುವೆಯೇ, 1877ರ ಸುಮಾರಿಗೆ, ಊರಿನವರು ಮುಂದೆ ‘ಜುನಿ ಮಿಲ್’ ಎಂದು ಕರೆದ ಮೊದಲನೆಯ ನೂಲಿನ ಗಿರಣಿಯ ಭೋಂಗಾ ಕೂಗಿತು. ಗಿರಣಿಯ ಹೊಟ್ಟೆಯಲ್ಲಿ ಹಿಂಜುವ ಯಂತ್ರವೂ ನೂಲುವ ಯಂತ್ರವೂ ಕೂಡಿಯೇ ಇದ್ದುದರಿಂದ ರಾಟೆಯೊಡನೆ ಬಿಲ್ಲಿಗೂ ಕೆಲಸ ತಪ್ಪಿತು. ನೇಕಾರನು ಗಿರಣಿಯ ನೂಲನ್ನು ಕೊಂಡು ಬದುಕಿದನು. ಪಿಂಜಾರನಿಗೆ ಅಂತಹ ದಾರಿಯಿರಲಿಲ್ಲ. ಕೆಲವರು ಹೊಲಕ್ಕೆ ಇಳಿದರು, ಕೆಲವರು ಗಿರಣಿಯ ಕೂಲಿಗಳಾದರು. ಉಳಿದವರು ಬಿಲ್ಲನ್ನು ಹೆಗಲಿಗೇರಿಸಿ ಗಾದಿಯ ಹತ್ತಿಯನ್ನು ಅರಸುತ್ತ ಓಣಿಗಳಿಗೆ ಹೊರಟರು. ನಾವು ಸನಾತನವೆಂದು ಭಾವಿಸಿದ್ದ ಆ ತಿರುಗಾಟದಲ್ಲಿ ಬಹುಭಾಗವು ಯಂತ್ರದಿಂದ ನಿರಾಶ್ರಿತವಾದ ಕಸಬೊಂದು ಹುಡುಕಿಕೊಂಡ ಆಸರೆ. ಗಿರಣಿಯು ಒಂದು ಉಪಕಾರವನ್ನು ಮಾಡದೆ ಇರಲಿಲ್ಲ: ನೂಲಿಗೆ ಬಾರದೆ ಉಳಿದ ‘ವೇಸ್ಟ್’ ಹತ್ತಿ ಅಗ್ಗವಾಗಿ ದೊರೆತು ಬಡವರ ಮನೆಗೂ ಗಾದಿ ಬಂದಿತು. ಆ ಹತ್ತಿಯ ಎಳೆ ಗಿಡ್ಡ. ಗಿಡ್ಡ ಎಳೆ ಬೇಗನೆ ಗಡ್ಡೆಕಟ್ಟುವುದು. ಬೇಗನೆ ಕಟ್ಟಿದ ಗಡ್ಡೆ ಪಿಂಜಾರನನ್ನು ಮತ್ತೆ ಬೇಗನೆ ಕರೆಯುವುದು.

ಅದೇ ಊರಿನಲ್ಲಿ ಪದ್ಮಶಾಲಿ ನೇಕಾರರು ಬೆಳೆಸಿದ ಸೊಲ್ಲಾಪುರಿ ಚಾದರವು ಇನ್ನೊಂದು ಬಗೆಯ ಸ್ಪರ್ಧಿಯಾಗಿ ಬಂದಿತು. 1804ರಲ್ಲಿ ಫ್ರಾನ್ಸಿನ ಜಾಕಾರ್ಡನು ರೂಪಿಸಿದ ರಂಧ್ರಪಟ್ಟಿಯ ಯಂತ್ರವನ್ನು ಮಗ್ಗಕ್ಕೇರಿಸಿ, ಒಂದು ಮಗ್ಗುಲಿನ ನವಿಲು ಇನ್ನೊಂದು ಮಗ್ಗುಲಲ್ಲಿ ಬಣ್ಣ ಅದಲುಬದಲಾಗಿ ಕಾಣುವಂತೆ ನೇಯ್ದ ಆ ದಪ್ಪ ಚಾದರವು ತನ್ನ ಪದರುಗಳ ನಡುವೆಯೇ ಗಾಳಿಯನ್ನು ಹಿಡಿದಿಡಬಲ್ಲುದು. ಒಗೆದು ಒಣಗಿಸಿದರೆ ಸಾಕು, ಪಿಂಜಾರನ ಹಂಗಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರಕಿತು.

ಸೊಲ್ಲಾಪುರದ ನೆರೆಯ ಅಕ್ಕಲಕೋಟೆಯ ಕಥೆ ತುಸು ನಿಧಾನವಾದುದು. ಭೋಸಲೆ ಮನೆತನದ ಆ ಚಿಕ್ಕ ಸಂಸ್ಥಾನವು 498 ಚದರ ಮೈಲಿಯಷ್ಟು ವಿಸ್ತಾರವಾಗಿದ್ದಿತು. 1901ರ ಜನಗಣತಿಯಲ್ಲಿ ಅಲ್ಲಿದ್ದವರು 82,047 ಮಂದಿ. ಗಿರಣಿಗಳ ಗದ್ದಲವಿಲ್ಲದ ಆ ಊರನ್ನು ತುಂಬಿದವರು ಯಾತ್ರಿಕರು. ಆಲದ ಮರದಡಿಯ ಸ್ವಾಮಿ ಸಮರ್ಥರು 1878ರಲ್ಲಿ ದೇಹವಿಟ್ಟ ಮೇಲೂ ಅಲ್ಲಿಗೆ ಬರುವವರ ಸಂಖ್ಯೆ ಇಳಿಯಲಿಲ್ಲ, ಏರಿತು. ಬಂದವರು ರಾತ್ರಿ ಉಳಿಯಬೇಕಷ್ಟೆ; ಉಳಿದವರಿಗೆ ಹಾಸಿಗೆ ಬೇಕು; ದಿನಕ್ಕೊಬ್ಬರ ಮೈಭಾರವನ್ನು ಹೊತ್ತ ಹಾಸಿಗೆ ಮನೆಯ ಹಾಸಿಗೆಗಿಂತ ಮೊದಲೇ ಮಲಗುವುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಉದ್ದವನ್ನು ಹೇಳಿತು. ಯಾತ್ರಾಸ್ಥಳದ ಹಾಸಿಗೆಯ ದಪ್ಪವನ್ನು ನೋಡಿಕೊಂಡವನು ಪಿಂಜಾರ.

ಇಂದು ಬಿಲ್ಲಿನ ಸ್ವರ ಓಣಿಯಲ್ಲಿ ಕೇಳಿಸುವುದು ಅಪರೂಪ. ಹಿಂಜುವ ಕೆಲಸವನ್ನು ವಿದ್ಯುತ್ತಿನ ಯಂತ್ರವು ಕ್ಷಣಾರ್ಧದಲ್ಲಿ ಮಾಡುತ್ತದೆ. ಹತ್ತಿಯ ಸ್ಥಾನವನ್ನು ಫೋಮು ಆಕ್ರಮಿಸಿದೆ. ನಮ್ಮ ಕಡೆಯ ಮಕ್ಕಳು ಹಿಮ ಬೀಳುವ ದೇಶಗಳಲ್ಲಿ ನೆಲೆಸಿ, ಗೋಡೆಗೆ ತೂಗುಹಾಕಿದ ಹೀಟ್ ಪಂಪಿನ ಗಾಳಿಗೆ ಬೆಚ್ಚಗೆ ಮಲಗುತ್ತಾರೆ. 1852ರಲ್ಲಿ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಥಾಮ್ಸನ್ನನು, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವನು, ಹೊರಗಣ ತಣ್ಣನೆಯ ಹವೆಯಿಂದಲೂ ಶಾಖವನ್ನು ಸೇದಿ ಮನೆಯೊಳಗೆ ಸುರಿಯಬಹುದೆಂದು ತೋರಿಸಿದ ತತ್ತ್ವದ ಸಂತಾನ ಅದು. ಅದೂ ಒಮ್ಮೊಮ್ಮೆ ಮುನಿಯುವುದುಂಟು: ಗಾಳಿ ಬೀಸುತ್ತದೆ, ಬಿಸಿಯಿಲ್ಲ. ಆಗ ಬಲ್ಲವರು ಮಾಡುವ ಮೊದಲ ಕೆಲಸವೆಂದರೆ ಮುಚ್ಚಳವನ್ನು ತೆರೆದು ಫಿಲ್ಟರಿಗೆ ಮೆತ್ತಿದ ಧೂಳನ್ನು ತೊಳೆಯುವುದು. ಆಮೇಲೆ ಹೊರಗಿನ ಪೆಟ್ಟಿಗೆಯ ಮೇಲೆ ಹಿಮ ಕಟ್ಟಿ ಗಾಳಿಯ ದಾರಿ ಮುಚ್ಚಿದೆಯೋ ನೋಡುವುದು. ಕೊಳವೆಯೊಳಗಣ ಅನಿಲದ ದೋಷವನ್ನು ಶಂಕಿಸಿ ಕಸಬುದಾರನನ್ನು ಕರೆಯುವುದು ಎಲ್ಲಕ್ಕಿಂತ ಕೊನೆಗೆ. ಮೂಸಿ, ಒತ್ತಿ, ಹೊಲಿಗೆ ನೋಡಿ, ಬೆಳಕಿಗೆ ಹಿಡಿದು, ಆಮೇಲೆ ಸಾಬಣ್ಣನಿಗೆ ಹೇಳಿಕಳಿಸುತ್ತಿದ್ದ ಅಜ್ಜಿಯ ಕ್ರಮವೂ ಇದೇ. ಒಂದು ಭೇದವನ್ನು ಮಾತ್ರ ಮರೆಯಲಾಗದು. ಅಲ್ಲಿ ಗಾಳಿ ಹರಿಯದಿದ್ದರೆ ಮನೆ ತಣ್ಣಗಾಗುವುದು. ಇಲ್ಲಿ ಗಾಳಿ ಹರಿದರೆ ಮೈ ತಣ್ಣಗಾಗುವುದು. ಹರಿಯುವ ಗಾಳಿಯನ್ನು ನಂಬಿದ ವಿದ್ಯೆ ಒಂದು, ನಿಂತ ಗಾಳಿಯನ್ನು ನಂಬಿದ ವಿದ್ಯೆ ಮತ್ತೊಂದು. ಎರಡಕ್ಕೂ ವೈರಿ ಧೂಳೇ.

ಸಂಕ್ರಾಂತಿಗೆ ಮುಂಚಿನ ಬಿಸಿಲಿನಲ್ಲಿ ಸೊಲ್ಲಾಪುರದ ಹಳೆಯ ಪೇಟೆಗಳಲ್ಲಿಯೂ ಅಕ್ಕಲಕೋಟೆಯ ಹಳ್ಳಿಗಳಲ್ಲಿಯೂ ಉಳಿದಿರುವ ಕೆಲವು ಮಾಳಿಗೆಗಳ ಮೇಲೆ ಈಗಲೂ ಗಾದಿಗಳು ಒಣಗುವುದನ್ನು ಕಾಣಬಹುದು. ಇಳಿಹೊತ್ತಿನಲ್ಲಿ ಅವುಗಳನ್ನು ಕೆಳಗಿಳಿಸುವ ಮುನ್ನ ಮುದುಕಿಯೊಬ್ಬಳು ಅಂಗೈಯಿಂದ ಒತ್ತಿ, ಕೈ ತೆಗೆದು, ಕುಳಿ ಮೇಲಕ್ಕೆ ಏಳುವುದೋ ಇಲ್ಲವೋ ಎಂದು ಒಂದು ನಿಮಿಷ ಕಾದು ನಿಂತಿರುತ್ತಾಳೆ.