ಸತ್ತವರ ಮೈ ತೊಳೆದವರು

ಪುನರುತ್ಥಾನವನ್ನು ಆದಿಸಭೆ ಹೇಗೆ ಬೋಧಿಸಿತೆಂಬುದನ್ನು ತಿಳಿಯಲು ಗ್ರಂಥಗಳು ಸಾಕಷ್ಟಿವೆ. ಅದನ್ನು ಹೇಗೆ ಬಾಳಿತೆಂಬುದನ್ನು ಅರಿಯಬೇಕಾದರೆ ಮೂರನೆಯ ಶತಮಾನದ ಮಧ್ಯಭಾಗದಲ್ಲಿ ರೋಮನ್ ಸಾಮ್ರಾಜ್ಯವನ್ನು ವರ್ಷಗಟ್ಟಲೆ ಕಾಡಿದ ಮಹಾಮಾರಿಯ ಕಡೆಗೆ ನೋಡಬೇಕು.

ಅಲೆಕ್ಸಾಂದ್ರಿಯದ ಸಭಾಧ್ಯಕ್ಷ ದಿಯೊನೀಸಿಯಸ್ ಆ ದಿನಗಳ ಕುರಿತು ಬರೆದ ಈಸ್ಟರ್ ಪತ್ರದ ಭಾಗವೊಂದನ್ನು ಯೂಸೇಬಿಯಸ್ ತನ್ನ ಸಭಾಚರಿತ್ರೆಯ ಏಳನೆಯ ಪುಸ್ತಕದಲ್ಲಿ ಉಳಿಸಿಕೊಟ್ಟಿದ್ದಾನೆ. ಪಟ್ಟಣದಲ್ಲಿ ಸಾವಿಲ್ಲದ ಮನೆಯಿರಲಿಲ್ಲ. ವಿಶ್ವಾಸಿಗಳು ರೋಗಿಗಳ ಬಳಿಯಲ್ಲೇ ಉಳಿದು ಆರೈಕೆ ಮಾಡಿದರು. ಸತ್ತವರ ಕಣ್ಣು ಬಾಯಿಗಳನ್ನು ಮುಚ್ಚಿದರು, ಮೈ ತೊಳೆದು ವಸ್ತ್ರ ಸುತ್ತಿದರು, ಹೆಗಲ ಮೇಲೆ ಹೊತ್ತೊಯ್ದರು. ಸ್ವಲ್ಪ ಕಾಲದಲ್ಲೇ ಇತರರು ಅವರಿಗೂ ಅದೇ ಸೇವೆಯನ್ನು ಸಲ್ಲಿಸಬೇಕಾಯಿತು. ಹಾಗೆ ಸತ್ತವರಲ್ಲಿ ಹಿರಿಯರೂ ಸಭಾಸೇವಕರೂ ಸಾಮಾನ್ಯ ಸಭಿಕರೂ ಇದ್ದರು. ಈ ಮರಣ ರಕ್ತಸಾಕ್ಷಿಯ ಮರಣಕ್ಕಿಂತ ಕಡಮೆಯದಲ್ಲವೆಂಬುದು ದಿಯೊನೀಸಿಯಸನ ತೀರ್ಪು. ಅನ್ಯರು ತಮ್ಮವರನ್ನು ಅರೆಜೀವದಲ್ಲೇ ಬೀದಿಗೆಸೆದರೆಂದೂ ಅವನು ಬರೆಯುತ್ತಾನೆ. ಇದು ಪಾಲಕನೊಬ್ಬ ತನ್ನ ಮಂದೆಗೆ ಧೈರ್ಯ ತುಂಬಲು ಬರೆದ ಪತ್ರವೆಂಬುದನ್ನು ಮರೆಯಬಾರದು. ಓಡಿಹೋದ ಕ್ರೈಸ್ತರೂ, ರೋಗಿಯನ್ನು ಬಿಡದೆ ಉಳಿದ ಅನ್ಯರೂ ಇದ್ದಿರಬೇಕು.

ಆದರೂ ಹೆಣವನ್ನು ಮುಟ್ಟಿದ ಆ ಕೈಗಳು ಗಮನಾರ್ಹ. ರೋಮನರಿಗೆ ಶವವೆಂದರೆ ಮೈಲಿಗೆ. ಊರೊಳಗೆ ಹೂಳುವುದನ್ನೂ ಸುಡುವುದನ್ನೂ ಹನ್ನೆರಡು ಫಲಕಗಳ ಕಾನೂನು ನಿಷೇಧಿಸಿತ್ತು. ಸೂತಕವೆಂಬ ಮಾತಿನ ಭಾರವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ರೈಸ್ತರಾದರೋ ಹೂಳುವ ಸ್ಥಳವನ್ನು ಗ್ರೀಕಿನಲ್ಲಿ ‘ಮಲಗುವ ತಾಣ’ವೆಂದು ಕರೆದರು. ಎದ್ದೇಳಲಿರುವ ದೇಹವನ್ನು ಮಲಗಿಸುವವರು ಅದನ್ನು ಎಸೆಯಲಾರರು. ಬಡವರನ್ನು ಹೂಳುವ ವೆಚ್ಚವೂ ಸಭೆಯ ಸಾಮಾನ್ಯ ನಿಧಿಯಿಂದ ಸಲ್ಲುತ್ತಿತ್ತೆಂದು ತೆರ್ತುಲ್ಲಿಯನ್ ಹೇಳುತ್ತಾನೆ. (ಶವಸಂಸ್ಕಾರದ ಪ್ರಸಂಗವನ್ನು ನಾವು ಸೆಮಿನರಿಗಳಲ್ಲಿ ಕಲಿಸುತ್ತೇವೆ, ಮೈ ತೊಳೆಯುವುದನ್ನು ಯಾರು ಕಲಿಸುತ್ತಾರೆ?) 361ರಿಂದ 363ರವರೆಗೆ ಆಳಿದ, ಕ್ರೈಸ್ತರ ವಿರೋಧಿಯಾದ ಚಕ್ರವರ್ತಿ ಜೂಲಿಯನನ ಹೆಸರಿನಲ್ಲಿ ಉಳಿದಿರುವ ಪತ್ರವೊಂದು, ಈ ಮತ ಬೆಳೆದ ಕಾರಣಗಳಲ್ಲಿ ಸತ್ತವರ ಸಮಾಧಿಯ ವಿಷಯದಲ್ಲಿ ಅವರು ತೋರುವ ಕಾಳಜಿಯನ್ನೂ ಎಣಿಸುತ್ತದೆ.

ಕಾರ್ಥೇಜಿನ ಚಿತ್ರ ಇಷ್ಟು ಉಜ್ವಲವಲ್ಲ. ಬಹುಶಃ ಆದುದರಿಂದಲೇ ಹೆಚ್ಚು ನಂಬಲರ್ಹ. 250ರಲ್ಲಿ ದೇಕಿಯಸನ ಆಜ್ಞೆಯಿಂದ ಹಿಂಸೆಗೊಳಗಾಗಿದ್ದ ಸಭೆಗೆ ಸಿಪ್ರಿಯನ್, ನಮ್ಮವರಿಗೆ ಮಾತ್ರ ಉಪಕರಿಸಿದರೆ ಏನು ಹೆಚ್ಚಾಯಿತು ಎಂದು ಕೇಳಿ, ಹಗೆಗಳಿಗೂ ಒಳಿತು ಮಾಡಲು ಕರೆಕೊಟ್ಟನೆಂದು ಅವನ ಜೀವನಚರಿತ್ರೆ ಬರೆದ ಪೊಂತಿಯಸ್ ತಿಳಿಸುತ್ತಾನೆ. ಮರಣವನ್ನು ಕುರಿತ ಸಿಪ್ರಿಯನನ ಪ್ರಬಂಧದಲ್ಲಿ ಕಾಣುವ ಸಭಿಕರು ಮಾತ್ರ ಅಳುಕುತ್ತಿದ್ದಾರೆ. ಅನ್ಯರಂತೆಯೇ ನಾವೂ ಸಾಯುತ್ತಿರುವುದೇಕೆಂಬುದು ಕೆಲವರ ಕಳವಳ. ಜ್ವರದಿಂದ ಸತ್ತರೆ ರಕ್ತಸಾಕ್ಷಿಯ ಕಿರೀಟ ತಪ್ಪುವುದೆಂಬುದು ಇನ್ನು ಕೆಲವರ ಕೊರಗು. ನಂಬಿಕೆ ರೋಗವನ್ನು ತಡೆಯುವುದೆಂದು ಸಿಪ್ರಿಯನ್ ಎಲ್ಲಿಯೂ ಹೇಳಲಿಲ್ಲ. ಬದಲಾಗಿ, ಮರಣಶಯ್ಯೆಯಲ್ಲಿದ್ದ ತನ್ನ ಸಹಸಭಾಧ್ಯಕ್ಷನೊಬ್ಬನ ಪ್ರಸಂಗವನ್ನು ಹೇಳಿದ. ಆತನೂ ಇನ್ನಷ್ಟು ಕಾಲ ಬದುಕಬೇಕೆಂದು ಬೇಡುತ್ತಿದ್ದನು. ಆಗ ತೇಜಸ್ವಿಯಾದ ಯುವಕನೊಬ್ಬನು ಕಾಣಿಸಿಕೊಂಡು, ನೋವಿಗೂ ಅಂಜುವಿರಿ, ಹೊರಡಲೂ ಒಲ್ಲಿರಿ, ನಿಮ್ಮನ್ನು ನಾನೇನು ಮಾಡಲಿ ಎಂಬರ್ಥದಲ್ಲಿ ಗದರಿಸಿದನಂತೆ. ಹೊರಟುಹೋಗಲಿದ್ದವನಿಗೆ ಆ ಮಾತಿನಿಂದ ಆಗಬೇಕಾದದ್ದೇನೂ ಇರಲಿಲ್ಲ. ಅವನು ಅದನ್ನು ಕೇಳಿಸಿಕೊಂಡದ್ದು ಉಳಿಯುವವರಿಗಾಗಿ ಎನ್ನುತ್ತಾನೆ ಸಿಪ್ರಿಯನ್.