ಏಳು ಸ್ವರಗಳ ಭಾಷೆ

ರೇಡಿಯೋ ತಿರುಗಿಸಿದೊಡನೆ ಪಿಟೀಲಿನ ನಾದ ಕೇಳಿಬಂತೆನ್ನಿ. ಆ ಪಿಟೀಲು ರಾಗ ನುಡಿಸುವ ಬದಲು ನಿಮ್ಮೊಡನೆ ಮಾತನಾಡತೊಡಗಿದರೆ? ಫ್ರಾನ್ಸಿನ ಸಂಗೀತಗಾರನೊಬ್ಬ ತನ್ನ ಅರ್ಧ ಆಯುಷ್ಯವನ್ನು ಈ ಹುಚ್ಚಿಗೆ ಮುಡಿಪಿಟ್ಟಿದ್ದುಂಟು. ಆಲ್ಬಿ ಎಂಬ ಊರಿನಲ್ಲಿ 1787ರಲ್ಲಿ ಹುಟ್ಟಿದ ಝಾಂ ಫ್ರಾನ್ಸ್ವಾ ಸ್ಯೂದ್ರ್ ಆತನ ಹೆಸರು.

ನಮ್ಮ ಸರಿಗಮದಂತೆ ಐರೋಪ್ಯರಿಗೂ ದೊ, ರೆ, ಮಿ, ಫಾ, ಸೊಲ್, ಲಾ, ಸಿ ಎಂಬ ಏಳು ಸ್ವರಗಳುಂಟಷ್ಟೆ. ಸ್ಯೂದ್ರ್ ಈ ಏಳನ್ನೇ ಅಕ್ಷರಗಳನ್ನಾಗಿ ಹಿಡಿದು, ಒಂದರಿಂದ ನಾಲ್ಕು ಸ್ವರಗಳವರೆಗೆ ಜೋಡಿಸಿ, ಸುಮಾರು 2,660 ಶಬ್ದಗಳನ್ನು ಕಟ್ಟಿದ. 1887ರಲ್ಲಿ ಬಂದ ಎಸ್ಪರಾಂಟೊ ತನ್ನ ಶಬ್ದಗಳನ್ನು ಯುರೋಪಿನ ನುಡಿಗಳಿಂದ ಎರವಲು ತಂದಿತು. ಸ್ಯೂದ್ರ್ ಯಾರ ಮನೆಗೂ ಸಾಲಕ್ಕೆ ಹೋಗಲಿಲ್ಲ. ಭಾಷೆಗೆ 'ಸೊಲ್‌ರೆಸೊಲ್' ಎಂದು ಹೆಸರಿಟ್ಟ. ಆ ಭಾಷೆಯಲ್ಲಿ ಅದರ ಅರ್ಥವೂ 'ಭಾಷೆ' ಎಂದೇ.

'ಸಿ' ಎಂದರೆ ಹೌದು, 'ದೊ' ಎಂದರೆ ಇಲ್ಲ. 'ಮಿಸೊಲ್' ಒಳ್ಳೆಯದು, ತಿರುಗಿಸಿ 'ಸೊಲ್‌ಮಿ' ಎನ್ನಿ, ಕೆಟ್ಟದ್ದು. 'ದೊಮಿಸೊಲ್' ದೇವರು, ಅದನ್ನು ತಲೆಕೆಳಗು ಮಾಡಿದರೆ ಸೈತಾನ! ಹಾಡಬಹುದು, ವಾದ್ಯದಲ್ಲಿ ನುಡಿಸಬಹುದು. ಏಳು ಬಣ್ಣಗಳಿಂದ ಬರೆಯಬಹುದು. ಕಿವುಡರು ಕೈಬೆರಳಿನ ಸನ್ನೆಯಿಂದ ಆಡಬಹುದು.

ಸ್ವರಗಳಿಂದ ದೂರಕ್ಕೆ ಸುದ್ದಿ ಕಳುಹಿಸುವ ತನ್ನ ವಿಧಾನವನ್ನು ಆತ 'ಟೆಲಿಫೋನಿ' ಎಂದು ಕರೆದ. ಬೆಲ್ ಮಹಾಶಯನ ಟೆಲಿಫೋನು ಬಂದದ್ದು 1876ರಲ್ಲಿ, ನೆನಪಿರಲಿ. 1829ರ ಸುಮಾರಿಗೆ ಸೇನಾಧಿಕಾರಿಗಳೆದುರು ಕಹಳೆಯಿಂದಲೇ ಆಜ್ಞೆಗಳನ್ನು ಕಳುಹಿಸಿ ತೋರಿಸಿದ. ಮೆಚ್ಚುಗೆ ದೊರೆಯಿತು, ಸೇನೆಯಲ್ಲಿ ಸ್ಥಾನ ದೊರೆಯಲಿಲ್ಲ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಹತ್ತು ಸಾವಿರ ಫ್ರಾಂಕುಗಳ ಬಹುಮಾನವೂ ಬಂತು. ಆದರೆ ಕೈತಟ್ಟಿದ ಜನ ಮನೆಗೆ ಹೋಗಿ ಫ್ರೆಂಚನ್ನೇ ಆಡಿದರು.

ಏಕೆಂದು ಕೇಳುವಿರಾ? ಆ ಭಾಷೆಯಲ್ಲಿ 'ದೊರೆ' ಎಂದರೆ ನಾನು (ನಮ್ಮ ದೊರೆಯಲ್ಲ!), 'ದೊಮಿ' ಎಂದರೆ ನೀನು. ಒಂದು ಸ್ವರ ತಪ್ಪಿತೋ, ನಾನು ಹೋಗಿ ನೀನು ಆಯಿತು. ಕನ್ನಡದಲ್ಲಿ ಅಕ್ಷರವೊಂದು ನುಂಗಿಹೋದರೂ ಉಳಿದ ಮಾತಿನಿಂದ ಅರ್ಥ ಊಹಿಸಿಕೊಳ್ಳುತ್ತೇವೆ. ಗೊರಗೊರ ಎನ್ನುವ ರೇಡಿಯೋದಲ್ಲೂ ವಾರ್ತೆ ತಿಳಿಯುವುದು ಹೀಗೆಯೇ. ಸ್ಯೂದ್ರನ ಶಬ್ದಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ತಪ್ಪಿಗೆ ಎಡೆಯಿರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಭಾಷೆಯಲ್ಲಿ ಮಗುವನ್ನು ತೂಗಿದ ತಾಯಿಯಿಲ್ಲ, ಚೌಕಾಸಿ ಮಾಡಿದ ಸಂತೆಯಿಲ್ಲ.

1862ರಲ್ಲಿ ಸ್ಯೂದ್ರ್ ತೀರಿಕೊಂಡಾಗ ನಿಘಂಟು ಇನ್ನೂ ಅಚ್ಚಾಗಿರಲಿಲ್ಲ. ನಾಲ್ಕು ವರ್ಷಗಳ ತರುವಾಯ, 1866ರಲ್ಲಿ, ಆತನ ಪತ್ನಿ ಜೋಸೆಫೀನ್ ಅದನ್ನು ಪ್ರಕಟಿಸಿದಳು.