ಗಾಜಿನ ತೊಟ್ಟಿಯ ನೀರು: ಒಂದು ಪರೀಕ್ಷೆಯ ಚರಿತ್ರೆ

ಕಾಮೋಠೆಯಂಥ ಸಿಡ್ಕೋ ಬಡಾವಣೆಗಳಲ್ಲಿ ನಾಯಿ ಸಾಕಲು ಹೊರಟರೆ ಸೊಸೈಟಿಯವರ ತಕರಾರು. ತೋಟ ಮಾಡೋಣವೆಂದರೆ ಜಾಗವಿಲ್ಲ. ಹೀಗಾಗಿ ಮಕ್ಕಳ ಹಠಕ್ಕೆ ಮಣಿದ ತಂದೆತಾಯಿಗಳು ಕೊನೆಗೆ ಬಂದು ನಿಲ್ಲುವುದು ಮೀನಿನ ತೊಟ್ಟಿಯ ಮುಂದೆ. ಕುರ್ಲಾದಿಂದಲೋ ಕ್ರಾಫರ್ಡ್ ಮಾರ್ಕೆಟಿನಿಂದಲೋ ಆರೆಂಟು ಮೀನುಗಳು ಪ್ಲಾಸ್ಟಿಕ್ ಚೀಲದಲ್ಲಿ ಲೋಕಲ್ ಗಾಡಿ ಹತ್ತಿ ಮನೆಗೆ ಬರುತ್ತವೆ. ಮೊದಲ ನಾಲ್ಕು ದಿನ ಮನೆಯಲ್ಲಿ ಹಬ್ಬ. ಹತ್ತು ದಿನ ಕಳೆಯುವಷ್ಟರಲ್ಲಿ ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲತೊಡಗುತ್ತವೆ. 'ದೃಷ್ಟಿ ತಾಗಿತು' ಎನ್ನುವವರುಂಟು. 'ಮನೆಗೆ ಬರಬೇಕಾದ ಕೇಡನ್ನು ಮೀನು ಹೊತ್ತುಕೊಂಡಿತು' ಎಂದು ಸಮಾಧಾನಪಡುವವರೂ ಉಂಟು. ಅಂಗಡಿಯವನನ್ನು ಬೈಯುವವರಂತೂ ಬಹಳ. ಆದರೆ ನೀರನ್ನು ಸಂಶಯಿಸುವವರು ವಿರಳ. ಸಂಶಯಿಸುವುದಾದರೂ ಹೇಗೆ? ನೀರು ಸ್ಫಟಿಕದಂತೆ ತಿಳಿಯಾಗಿಯೇ ಇರುತ್ತದೆ!

ಆ ತಿಳಿನೀರಿನಲ್ಲಿ ಅಡಗಿ ಕುಳಿತ ವಿಷವನ್ನು ಮನುಷ್ಯ ಗುರುತಿಸಿದ ಕಥೆ ಸ್ವಾರಸ್ಯಕರವಾದುದು.

ಮೀನು ಸಾಕುವ ವಿನೋದ ನಮಗೆ ಹೊಸದೇನಲ್ಲ. ನಮ್ಮ ಠಾಣೆ ಜಿಲ್ಲೆಯ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೇ ಇದೆ. ಮೀನಿನ ಬಗೆಗಳನ್ನೂ ಅವಕ್ಕೆ ಹಾಕಬೇಕಾದ ಆಹಾರವನ್ನೂ ಅಲ್ಲಿ ಹೇಳಿದೆ. ಆದರೆ ಕೆರೆ ಹೊಳೆಗಳ ಮಾತು ಬೇರೆ. ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ ಸಾವಿರಾರು ಮೀನುಗಳು ಭಕ್ತರು ಎಸೆದ ಪುರಿ ತಿಂದು ಸುಖವಾಗಿವೆಯೆಂದರೆ, ಅವುಗಳ ಕೊಳೆಯನ್ನು ತುಂಗೆ ಹೊತ್ತುಕೊಂಡು ಹೋಗುತ್ತಾಳೆ. ನಾಲ್ಕು ಗಾಜಿನ ನಡುವೆ ನಿಂತ ನೀರಿಗೆ ಆ ಭಾಗ್ಯವಿಲ್ಲ.

ನಿಂತ ನೀರಿನಲ್ಲಿ ಮೀನು ಬದುಕಬಲ್ಲುದೇ ಎಂದು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಮೊದಲ ಹೆಸರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನದು. ಆತ ತೊಟ್ಟಿಯೊಂದರಲ್ಲಿ ಎರಡು ಹೊನ್ನಮೀನುಗಳನ್ನು ಬಿಟ್ಟು ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ನೆಟ್ಟ. ಎಲೆ ಕೊಳೆತು ನೀರು ಕೆಡತೊಡಗಿದಾಗ ಕೊಳೆತುದನ್ನು ತಿನ್ನಲು ಬಸವನಹುಳುಗಳನ್ನು ಸೇರಿಸಿದ. ತೊಟ್ಟಿ ಸಮತೋಲಕ್ಕೆ ಬಂತು. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ ಎಂಬ ಈ ಲೆಕ್ಕವನ್ನು ಆತ 1850ರಲ್ಲಿ ಪ್ರಕಟಿಸಿದ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಮನೆಮಾತಾಯಿತು. ನಮ್ಮ ಮುಂಬಯಿಯ ಮರೀನ್ ಡ್ರೈವಿನ ತಾರಾಪೋರ್‌ವಾಲಾ ಮತ್ಸ್ಯಾಲಯ ತೆರೆದದ್ದು 1951ರಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನದು 1983ರಲ್ಲಿ.

ವಾರಿಂಗ್ಟನ್ನನ ಲೆಕ್ಕ ಸರಿಯೇ ಹೌದು, ಆದರೆ ಪೂರ್ತಿಯಲ್ಲ. ಮೀನು ಉಸಿರಾಡುವುದಷ್ಟೇ ಅಲ್ಲ, ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ಅದಕ್ಕೆ ನೀರಿನಲ್ಲಿ ಬಣ್ಣವಿಲ್ಲ. ಮೀನು ಸಾಯುವ ಪ್ರಮಾಣದಲ್ಲಿಯೂ ನಮ್ಮ ಮೂಗಿಗೆ ತಿಳಿಯದು. 1856ರಲ್ಲಿ ಜರ್ಮನಿಯ ಯೂಲಿಯಸ್ ನೆಸ್ಲರ್ ಪಾದರಸದ ಲವಣದಿಂದ ಒಂದು ದ್ರಾವಣ ಸಿದ್ಧಪಡಿಸಿದ. ಅಮೋನಿಯವಿದ್ದ ನೀರಿಗೆ ಅದನ್ನು ಹಾಕಿದರೆ ಹಳದಿ ಬಣ್ಣ, ಹೆಚ್ಚಿದ್ದರೆ ಕಂದು. 1879ರಲ್ಲಿ ಪೀಟರ್ ಗ್ರೀಸ್ ನೈಟ್ರೈಟನ್ನು ಕೆಂಬಣ್ಣದಿಂದ ತೋರಿಸುವ ವಿಧಾನ ಕೊಟ್ಟ. ಇವುಗಳ ದೊಡ್ಡ ಉಪಯೋಗ ಕುಡಿಯುವ ನೀರಿಗೆ ಚರಂಡಿ ಸೇರಿದೆಯೇ ಎಂದು ನೋಡುವುದರಲ್ಲಾಯಿತು. ಮನುಷ್ಯನ ರಕ್ಷಣೆಗೆ ಬಳಕೆಗೆ ಬಂದ ಉಪಾಯ ಮುಂದೆ ಮೀನಿನ ರಕ್ಷಣೆಗೂ ಒದಗಿತು. ಇಂದು ಅಂಗಡಿಯಲ್ಲಿ ಸಿಗುವ ಅಮೋನಿಯ ಪರೀಕ್ಷೆಯ ಸೀಸೆಗಳಲ್ಲಿ ಬಹುಪಾಲು ಪಾದರಸವಿಲ್ಲದವು. ಹಳದಿಯಿಂದ ಹಸುರಿಗೆ ತಿರುಗುವಂಥವು.

ಇನ್ನು ಹತ್ತು ದಿನದ ರಹಸ್ಯ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಮರಳು ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಕೆಲವು ದಿನಗಳ ಮೇಲೆ ಅಮೋನಿಯ ನೈಟ್ರೇಟಾಗಿ ಕೆಳಗೆ ಬರತೊಡಗಿತು. ಕ್ಲೋರೋಫಾರಂ ಆವಿ ಹಾಯಿಸಿದೊಡನೆ ಆ ಕ್ರಿಯೆ ನಿಂತುಹೋಯಿತು. ಹಾಗಾದರೆ ಇದು ಜೀವಿಗಳ ಕೆಲಸವೆಂದಾಯಿತು. ರಷ್ಯದ ಸೆರ್ಗೇಯ್ ವಿನೋಗ್ರಾದ್‌ಸ್ಕಿ 1890ರ ಸುಮಾರಿಗೆ ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದ: ಒಂದು ಗುಂಪು ಅಮೋನಿಯವನ್ನು ನೈಟ್ರೈಟಾಗಿಸುತ್ತದೆ, ಮತ್ತೊಂದು ಗುಂಪು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿಸುತ್ತದೆ. ಈ ಮೌನ ನೌಕರರು ಹೊಸ ತೊಟ್ಟಿಯಲ್ಲಿ ಬೇಕಾದಷ್ಟು ಸಂಖ್ಯೆಯಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಆರೆಂಟು ಮೀನುಗಳ ಕೊಳೆ ಸೇರಿದರೆ ಗತಿಯೇನು? ದೃಷ್ಟಿಯೂ ಅಲ್ಲ, ಗ್ರಹಚಾರವೂ ಅಲ್ಲ. ಕೆಲಸಗಾರರು ಹಾಜರಾಗುವ ಮೊದಲೇ ಕಚೇರಿ ತೆರೆದ ಹಾಗಾಯಿತು. ಮೀನು ಸತ್ತೊಡನೆ ತೊಟ್ಟಿಯನ್ನೂ ಫಿಲ್ಟರನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ, ಬಂದಿದ್ದ ನಾಲ್ವರನ್ನೂ ಹೊರದೂಡಿದಂತೆ.

ಈ ವಿಷಯದಲ್ಲಿ ಶಾಸ್ತ್ರ ಇಂದಿಗೂ ಬೆಳೆಯುತ್ತಿದೆ. ಎರಡನೆಯ ಕೆಲಸ ಮಾಡುವುದು ನೈಟ್ರೋಬ್ಯಾಕ್ಟರ್ ಎಂದು ನೂರು ವರ್ಷ ಪುಸ್ತಕಗಳು ಹೇಳಿದವು. ಸಿಹಿನೀರಿನ ಮೀನುತೊಟ್ಟಿಗಳಲ್ಲಿ ಅದು ಮುಖ್ಯವಾಗಿ ನೈಟ್ರೋಸ್ಪೈರದ ಕೆಲಸವೆಂದು ತಿಳಿದದ್ದು 1990ರ ದಶಕದ ಕೊನೆಯಲ್ಲಿ. ಎರಡೂ ಕೆಲಸವನ್ನು ಒಂದೇ ಜೀವಿ ಮಾಡಬಲ್ಲುದೆಂದು ಗೊತ್ತಾದದ್ದು 2015ರಲ್ಲಿ.

ಅಮೋನಿಯ ಒಂದನ್ನೇ ಅಳೆದರೆ ಸಾಲದು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ 1909ರಲ್ಲಿ ಪಿ.ಎಚ್. ಎಂಬ ಅಳತೆಯನ್ನು ತಂದ. 7 ಎಂದರೆ ತಟಸ್ಥ, ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. 25 ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದರೆ ಒಟ್ಟು ಅಮೋನಿಯದಲ್ಲಿ ಕಡುವಿಷ ರೂಪದ್ದು ನೂರಕ್ಕೆ ಒಂದು ಭಾಗವೂ ಇಲ್ಲ. 8 ಆದರೆ ನೂರಕ್ಕೆ ಸುಮಾರು 5. 9 ಆದರೆ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ಆದ್ದರಿಂದ ಎರಡು ಅಳತೆಗಳನ್ನೂ ಜೊತೆಗಿಟ್ಟು ಓದಬೇಕು. ನೀರಿನ ಗಡಸುತನವನ್ನು ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 1840ರ ದಶಕದಲ್ಲಿ ಸಾಬೂನಿನ ನೊರೆಯಿಂದ ಅಳೆದ. ಬಿ.ಎಸ್ಸಿ. ತರಗತಿಯಲ್ಲಿ ನಾವು ಬ್ಯುರೆಟ್ ಹಿಡಿದು ಕೆಂಪು ನೀಲಿಯಾಗುವುದನ್ನು ಕಾದ ಇ.ಡಿ.ಟಿ.ಎ. ವಿಧಾನ 1940ರ ದಶಕದ ಕೊಡುಗೆ.

ನಗರವಾಸಿಗಳಿಗೆ ಇನ್ನೊಂದು ತೊಡಕು ಕ್ಲೋರಿನ್ನಿನದು. ನಲ್ಲಿಯ ನೀರಿನಲ್ಲಿ ರೋಗಾಣುಗಳು ಉಳಿಯದಿರಲೆಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ವಿಧಿಸುತ್ತದೆ. ನಮಗೆ ರಕ್ಷೆಯಾದದ್ದು ಮೀನಿನ ಕಿವಿರಿಗೂ ತೊಟ್ಟಿಯ ಸೂಕ್ಷ್ಮಜೀವಿಗಳಿಗೂ ಶಿಕ್ಷೆ. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಡುವುದೋ, ಸೋಡಿಯಂ ಥಯೋಸಲ್ಫೇಟ್ ಹಾಕುವುದೋ ಇದಕ್ಕೆ ಮದ್ದು. ಬೇಸಗೆಯಲ್ಲಿ ಟ್ಯಾಂಕರ್ ಬಂದಾಗ ಜಾಗ್ರತೆ ಇನ್ನೂ ಹೆಚ್ಚಿರಬೇಕು. ಮಳೆಯಿಂದ ತುಂಬುವ ಜಲಾಶಯದ ನೀರು ಸಾಮಾನ್ಯವಾಗಿ ಮೆದು. ಬೋರ್‌ವೆಲ್ ನೀರು ಗಡುಸು. ಮೀನಿಗೆ ಈ ದಿಢೀರ್ ಬದಲಾವಣೆ ಸಹಿಸದು.

ಇದೆಲ್ಲ ಮಕ್ಕಳಾಟದ ವಿಷಯವೆಂದು ಯಾರಾದರೂ ನಕ್ಕರೆ, ಅವರು ಕಾಮೋಠೆಯ ಅಂಚಿನ ಪನವೇಲ್ ಖಾಡಿಯತ್ತ ಒಮ್ಮೆ ನೋಡಬೇಕು. ತಳೋಜಾ ಕೈಗಾರಿಕಾ ಪ್ರದೇಶದ ಕಡೆಯಿಂದ ಬರುವ ಕಾಸಾಡಿ ನದಿ ಈ ಖಾಡಿಯನ್ನೇ ಸೇರುತ್ತದೆ. 2017ರ ಆಗಸ್ಟಿನಲ್ಲಿ ತಳೋಜಾದ ಬೀದಿನಾಯಿಗಳು ನೀಲಿಬಣ್ಣ ತಳೆದು ತಿರುಗಿದ ಸುದ್ದಿ ಲೋಕವೆಲ್ಲ ಹರಡಿತ್ತು. ಕಾರ್ಖಾನೆಯ ತ್ಯಾಜ್ಯನೀರನ್ನು ಅಳೆಯುವುದೂ ಇದೇ ವಿದ್ಯೆಯಿಂದಲೇ. ನೀರಿನ ಆಮ್ಲಜನಕವನ್ನು ಅಳೆಯಲು ಹಂಗೇರಿಯ ವಿಂಕ್ಲರ್ 1888ರಲ್ಲಿ ಕೊಟ್ಟ ವಿಧಾನವನ್ನು ಪ್ರಯೋಗಾಲಯಗಳು ಬಿಟ್ಟಿಲ್ಲ. ಅದಕ್ಕಿಂತ ಸೋಜಿಗವೆಂದರೆ, ನಮ್ಮ ಪರಿಸರ ಸಂರಕ್ಷಣಾ ನಿಯಮಗಳ ಪಟ್ಟಿಯಲ್ಲಿ ಮೀನೇ ಒಂದು ಅಳತೆಗೋಲು: ಹೊರಬಿಡುವ ತ್ಯಾಜ್ಯನೀರಿನಲ್ಲಿ 96 ಗಂಟೆಗಳ ಮೇಲೆ ನೂರರಲ್ಲಿ 90 ಮೀನುಗಳು ಬದುಕಿರಬೇಕು. ತೊಟ್ಟಿಯ ಮೀನು ಸತ್ತರೆ ಮಗು ಅಳುತ್ತದೆ. ಖಾಡಿಯ ಮೀನು ಸತ್ತರೆ ಕೋಳಿ ಆಗ್ರಿ ಕುಟುಂಬಗಳ ಒಲೆ ಆರುತ್ತದೆ.

ಆದುದರಿಂದ ತೊಟ್ಟಿ ಇಡಬಯಸುವ ಬಂಧುಗಳು ಮೊದಲು ಎರಡೇ ಮೀನು ತರಲಿ, ಚಿಟಿಕೆಯಷ್ಟೇ ಆಹಾರ ಹಾಕಲಿ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಲಿ, ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಲಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಉಳಿದ ಮೀನುಗಳು ಬರಲಿ. ಪರೀಕ್ಷೆಯ ಹನಿಗಳನ್ನು ಮಕ್ಕಳ ಕೈಯಿಂದಲೇ, ದೊಡ್ಡವರು ಪಕ್ಕದಲ್ಲಿ ಕುಳಿತು, ಹಾಕಿಸಿದರೆ ಇನ್ನೂ ಒಳ್ಳೆಯದು. ತಿಳಿಯಾಗಿ ಕಾಣುವ ನೀರೆಲ್ಲ ಒಳ್ಳೆಯ ನೀರಲ್ಲವೆಂದು ಚಿಕ್ಕಂದಿನಲ್ಲೇ ಕಣ್ಣಾರೆ ಕಂಡ ಮಗು, ನಾಳೆ ದೊಡ್ಡದಾಗಿ ತನ್ನೂರಿನ ನದಿಯ ಬಗೆಗೂ ಅದೇ ಪ್ರಶ್ನೆ ಕೇಳುತ್ತದೆ.